ಹೀರಾಬಾಯಿಯ ತಿಪ್ಪೆಗೋಡೆ

ಶಹಾಬಾದಿನ ಕಲ್ಲುಗಣಿಗಳ ಮಗ್ಗುಲ ಓಣಿಯಲ್ಲಿ ಹೀರಾಬಾಯಿಯ ಖಾನಾವಳಿ ಎಂದರೆ ಒಂದು ಒಲೆ, ಒಂದು ಹಂಚು, ಮುಂದೆ ನಾಲ್ಕು ಫರಸಿ ಕಲ್ಲು, ಅಷ್ಟೇ. ಗಣಿಯವರು ಆ ಕಲ್ಲಿನ ಮೇಲೆ ಕುಳಿತು ರೊಟ್ಟಿ, ಪುಂಡಿಪಲ್ಲೆ ತಿಂದು, ಹಿತ್ತಲ ಬಾವಿಯ ನೀರು ಕುಡಿದು, "ನಿನ್ನ ಪಲ್ಯಾಕಿಂತ ನಿನ್ನ ನೀರೇ ರುಚಿ ನೋಡವ್ವಾ" ಎಂದು ಕಾಡಿಸುತ್ತಿದ್ದರು. ಆಕೆಗೆ ಸಿಟ್ಟು ಬರುತ್ತಿರಲಿಲ್ಲ. ಮಾವ ತಾನೇ ಗುದ್ದಲಿ ಹಿಡಿದು ತೋಡಿದ ಬಾವಿ ಅದು. ಅದನ್ನು ಹೊಗಳಿದರೆ ಆಕೆಯನ್ನು ಹೊಗಳಿದಂತೆಯೇ.

ತೊಂಬತ್ತೆಂಟರ ಬೇಸಿಗೆಯಲ್ಲಿ ಆ ನೀರು ಹಳದಿಯಾಯಿತು. ಅರಿಸಿನ ಕದಡಿದ ಹಾಗೆ! ಬಾವಿಯ ಮೇಲುಗಡೆ, ಏರಿನಲ್ಲಿ, ಸೈಕಲ್ ಸಾಮಾನಿಗೆ ಹೊಳಪು ಹಾಕುವ ಶೆಡ್ಡೊಂದಿತ್ತು. ಮಾಲೀಕ ಕೀಲಿ ಜಡಿದು ಹೋಗಿದ್ದ. ಹಿಂದಿನ ಗುಂಡಿಯಲ್ಲಿ ಬಿಟ್ಟುಹೋದ ವಿಷ ಮಣ್ಣಿಗಿಳಿದು ಬಾವಿಗೆ ದಾರಿ ಹಿಡಿದಿತ್ತು. ಅಧಿಕಾರಿಗಳು ಬಂದರು, ಗುಂಡಿಯಲ್ಲಿದ್ದುದನ್ನು ಬಳಿಸಿ ಒಯ್ದರು, ಓಣಿಗೆ ಟ್ಯಾಂಕರ್ ಹಾಕಿದರು. "ನೆಲಕ್ಕ ಇಳಿದದ್ದು ಇಳಿದಾದ. ಇನ್ನ ಈ ಬಾವಿಗಿ ಕಲ್ಲು ತುಂಬಿ ಮುಚ್ಚೋದೇ" ಎಂದರು.

ಹೀರಾಬಾಯಿ ಬಾವಿಯ ದಂಡೆಗೆ ಹೋಗಿ ಕುಳಿತುಬಿಟ್ಟಳು. "ಹಂಗಾದ್ರ ಮೊದಲ ನನ್ನ ಮ್ಯಾಲ ಹಾಕ್ರಿ ಕಲ್ಲು."

ಅಂತೂ ಇಂತೂ ಎರಡು ಮಳೆಗಾಲದ ವಾಯಿದೆ ಸಿಕ್ಕಿತು. ಅಷ್ಟರಲ್ಲಿ ನೀರು ತಿಳಿಯಾಗದಿದ್ದರೆ ಬಾವಿ ಇಲ್ಲ.

ನೀರು ಪರೀಕ್ಷೆಗೆ ಒಯ್ಯುತ್ತಿದ್ದವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ವಂದನಾ. ದಾರಿ ತೋರಿಸಿದವಳೂ ಅವಳೇ. "ಏರಿನ ಕಡಿಂದ ನೀರು ಬರೋ ಹಾದಿಗಿ ಅಡ್ಡ ಒಂದು ಕಾಲುವಿ ತೋಡೋಣು, ಗಟ್ಟಿ ಕಲ್ಲು ಹತ್ತೋತನಕ. ಅದರಾಗ ಹಳೀ ತಿಪ್ಪಿಗೊಬ್ಬರ, ಕಟ್ಟಿಗಿ ಹೊಟ್ಟು, ಮರಳು ಬೆರೆಸಿ ತುಂಬೋಣು. ನೀರು ಅದರಾಗ ಹಾದು ಬರಬೇಕು. ಗೊಬ್ಬರ ಕೊಳೀತಾ ಕೊಳೀತಾ ಆ ವಿಷದ ಗುಣಾ ಮುರೀತದ. ಅದು ಅಲ್ಲೇ ಕುಂದ್ರತದ, ನೀರಷ್ಟೇ ಮುಂದ ಬರ್ತದ."

"ಕುಡಿಯೋ ಬಾವಿ ಮಗ್ಗಲಕ ಶಗಣಿ ಹುಗೀತೀರಿ?" ಓಣಿ ನಕ್ಕಿತು. ಒಬ್ಬರೂ ಒಂದು ಬುಟ್ಟಿ ಗೊಬ್ಬರ ಕೊಡಲಿಲ್ಲ.

ಹೀರಾಬಾಯಿ ಬಸ್ ಹತ್ತಿ ತವರೂರು ಚಿಮ್ಮನಚೋಡಕ್ಕೆ ಹೋದಳು. ಅಣ್ಣ ತಮ್ಮಣ್ಣ ಒಳಗಿಂದ ಸೀರೆ ತಂದಿಟ್ಟ.

"ಈ ಸಲ ಸೀರಿ ಬ್ಯಾಡಣ್ಣ. ತಿಪ್ಪಿ ಕೊಡು."

"ತಿಪ್ಪಿ? ತಲಿ ಗಿಲಿ ಸರಿ ಅದ ಏನ್ ಹೀರಿ?"

"ಸರಿ ಇದ್ದದ್ದಕ್ಕೇ ಕೇಳಾಕತ್ತೀನಿ."

ಟ್ರಾಕ್ಟರ್ ತುಂಬ ತಿಪ್ಪೆಯ ಮೇಲೆ ಆಕೆ ಓಣಿಗೆ ಬಂದಿಳಿದ ದಿನ ಎದುರುಮನೆಯ ನೀಲಾಬಾಯಿ ಬಾಗಿಲಿಗೇ ಬಂದು ನಿಂತಳು. "ಎಲ್ಲಾರೂ ತವರಿಂದ ಉಡಿ ತುಂಬಿಸ್ಕೊಂಡು ಬರ್ತಾರ. ಈಕಿ ನೋಡ್ರೆವ್ವ, ಶಗಣಿ ತುಂಬಿಸ್ಕೊಂಡು ಬಂದಾಳ!"

"ನಿಂಗೂ ಒಂದೀಟು ಉಡಿಯಾಗ ಹಾಕ್ಲೇನ, ಬಾ" ಎಂದಳು ಹೀರಾಬಾಯಿ. ಅಷ್ಟು ಹೊತ್ತು ನಕ್ಕ ಓಣಿ ಈಗ ನೀಲಾಬಾಯಿಯನ್ನು ನೋಡಿ ನಕ್ಕಿತು.

ಗಣಿಯವರು ತಮ್ಮ ಸುಟ್ಟಿಯ ದಿನ ಬಂದು ಕಾಲುವೆ ತೋಡಿದರು. ಮರಳು ದಂಡೋತಿಯ ಹೊಳೆಯಿಂದ ಬಂತು. ಕಟ್ಟಿಗೆ ಹೊಟ್ಟು ತರಲು ಹೀರಾಬಾಯಿ, ವಂದನಾ ಇಬ್ಬರೂ ವಾಡಿಗೆ ಹೋದಾಗಲೇ ಎಡವಟ್ಟಾದದ್ದು. ಶಹಾಬಾದಿನಲ್ಲಿ ಫರಸಿ ಇಲ್ಲದ ಕೆಲಸವನ್ನು ಯಾರು ಕೆಲಸ ಎಂದಾರು? ಕಲ್ಲು ಕಟ್ಟುವ ಗವಂಡಿ ಮಜೀದಸಾಬನ ಕೈ ಸುಮ್ಮನಿರಲಿಲ್ಲ. ಕಾಲುವೆಯೊಳಗೆ, ಬಾವಿಯ ಕಡೆಯ ದಂಡೆಗೆ ಉದ್ದಕ್ಕೂ ಫರಸಿ ನಿಲ್ಲಿಸಿ, ಸಂದಿಗೆ ಸಿಮೆಂಟು ಮೆತ್ತಿ, ಮೇಲೆ ಮಣ್ಣೆಳೆದು ಮುಗಿಸಿಬಿಟ್ಟಿದ್ದ. ಮರುದಿನ ಕಾಲುವೆ ತುಂಬುವಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಮಳೆ ಬಂತು. ಬಾವಿ ಮೊದಲಿಗಿಂತ ಹಳದಿಯಾಯಿತು.

ವಂದನಾ ತಲೆ ಹಿಡಿದು ಕುಳಿತಳು. ಕಾಲುವೆಯ ಎರಡೂ ತುದಿಯಲ್ಲಿ ನೆಲ ಪಚಪಚ ಒಸರುವುದನ್ನು, ನೀರು ಗೊಬ್ಬರ ಹಾಯದೆ ಸುತ್ತಿಕೊಂಡು ಬಾವಿಗೆ ಹೋಗುವುದನ್ನು ಕಂಡ ಹೀರಾಬಾಯಿ ಅಲ್ಲೇ ನಿಂತಳು.

"ಮಜೀದಣ್ಣ, ಇದರಾಗ ಏನರ ಹಾಕೀಯೇನ?"

"ನಿಮಗಂತಲೇ ಫರಸಿ ನಿಲ್ಲಿಸೀನಿ ವೈನಿ! ಒಂದು ಹನಿ ದಾಟಂಗಿಲ್ಲ, ನನ್ನ ಆಣಿ."

"ದಾಟಬೇಕೋ ಮಾರಾಯಾ! ನೀರು ದಾಟಬೇಕು!"

ಮಜೀದಸಾಬನ ಮೋರೆ ಬಿದ್ದುಹೋಯಿತು. ಒಂದು ಮಳೆಗಾಲ ಕೈಬಿಟ್ಟು ಹೋಗಿತ್ತು; ಉಳಿದದ್ದು ಒಂದೇ. ಮಳೆ ನಿಂತ ಮೇಲೆ ಅವನೇ ಹಾರೆ ಹಿಡಿದು, ತಾನು ಕೂಡಿಸಿದ ಫರಸಿಗಳನ್ನು ಒಂದೊಂದಾಗಿ ಕಿತ್ತು ಮೇಲೆ ಎಳೆದ. "ಜಿಂದಗಿಯಾಗ ಮೊದಲ್ನೇ ಸಲ ಸೋರೋ ಗೋಡಿ ಕಟ್ಟಾಕತ್ತೀನಿ" ಎಂದು ಗೊಣಗುತ್ತ ಆ ದಂಡೆಗೂ ಗೊಬ್ಬರ, ಹೊಟ್ಟು, ಮರಳು ತುಂಬಿದ.

ಎರಡನೇ ಮಳೆಗಾಲಕ್ಕೆ ಬಾವಿಯ ನೀರು ಹಳದಿ ಹೋಗಿ ಚಹಾದ ಬಣ್ಣಕ್ಕೆ ತಿರುಗಿತು, ವಾಸನೆಯೂ ಎದ್ದಿತು. "ಹಾಲು ಸಕ್ರಿ ಹಾಕಿ ಹೋಟೆಲ್ ತೆಗಿ" ಎಂದಳು ನೀಲಾಬಾಯಿ. ಹೀರಾಬಾಯಿ ಹಗ್ಗಕ್ಕೆ ಕೈ ಹಾಕಿದಳು. ಹೊಸ ಗೊಬ್ಬರದ ರಸ ಮೊದಲು ತೊಳೆದು ಹೋಗಬೇಕೆಂದು ವಂದನಾ ಹೇಳಿದ್ದಳು. ಆಕೆ ಸೇದಿದಳು, ದೂರದ ಬಯಲಿಗೆ ಚೆಲ್ಲಿದಳು, ಮತ್ತೆ ಸೇದಿದಳು. ದಸರೆ ಕಳೆದು, ದೀಪಾವಳಿ ಕಳೆದು, ಒಂದು ಮುಂಜಾನೆ ಕೊಡದೊಳಗೆ ಬಗ್ಗಿ ನೋಡಿದರೆ ತಳದ ತಗ್ಗು ಕಂಡಿತು.

ಕಲ್ಲು ತುಂಬಿದ ಲಾರಿ ಬಂದದ್ದೂ ಅದೇ ವಾರ. ಅದರ ಹಿಂದೆಯೇ ವಂದನಾ ಆಟೋದಿಂದ ಹಾರಿ ಓಡಿಬಂದಳು, ಏದುಸಿರು ಬಿಡುತ್ತ. "ಮೂರು ಸಲ ನೋಡಿಸೀನ್ರಿ, ಮೂರು ಸಲಾನೂ ಛಲೋ ಬಂದಾದ! ಕುಡೀಬಹುದು ಹೀರಾಬಾಯವ್ವಾ, ಕುಡೀಬಹುದು!"

ಡ್ರೈವರ್ ಇಳಿದು ಕೇಳಿದ: "ಹಂಗಾದ್ರ ಈ ಕಲ್ಲು ಎಲ್ಲಿ ಹಾಕ್ಲೆವ್ವ?"

"ಬಾವಿ ಸುತ್ತ ಹಾಕಪ್ಪ. ಒಳಗ ಮಾತ್ರ ಬ್ಯಾಡ."

ಆ ಕಲ್ಲಿನ ತಳಪಾಯದ ಮೇಲೆ ಮಜೀದಸಾಬ, ಕಾಲುವೆಯಿಂದ ಕಿತ್ತ ಅವೇ ಫರಸಿಗಳನ್ನು ಹಾಸಿದ. ಬಟ್ಟೆ ಒಗೆದ ನೀರು ಬಾವಿಗೆ ಮರಳಿ ಇಳಿಯಬಾರದಲ್ಲ! ಈಗಲಾದರೂ ಹನಿ ದಾಟದ ಅವನ ಬಿಗಿ ಕೆಲಸಕ್ಕೆ ಜಾಗ ಸಿಕ್ಕಿತು. ವರ್ಷ ವರ್ಷ ನೀರಿನ ಪರೀಕ್ಷೆ ನಡೆಯಿತು; ಗೊಬ್ಬರ ಸತ್ವ ಕಳೆದುಕೊಂಡೀತೆಂದು ತಮ್ಮಣ್ಣ ಇನ್ನೊಂದು ಟ್ರಾಕ್ಟರ್ ತಿಪ್ಪೆ ಕಳಿಸಿದ. ಆ ಸಲ ಓಣಿಯವರೆಲ್ಲ ಬುಟ್ಟಿ ಹೊತ್ತು ಇಳಿಸಿದರು. ಎಲ್ಲರಿಗಿಂತ ಮುಂದೆ ನೀಲಾಬಾಯಿ.

"ಉಡಿಯಾಗ ಹಾಕ್ಲೇನ?" ಹೀರಾಬಾಯಿ ಕೇಳಿದಳು.

"ಹಾಕವ್ವಾ ಹಾಕು, ತುಂಬ ಹಾಕು" ಎಂದು ನೀಲಾಬಾಯಿ ಸೆರಗೊಡ್ಡಿದಳು.