ಮಹಡಿಯಿಂದ ಇಳಿದ ನೀರು

ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಹೇಳುವುದು ಅವಳ ಕೆಲಸ. ಅದಕ್ಕೇ ಬೀದಿಯವರೆಲ್ಲ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಮೈಕಿಲ್ಲದಿದ್ದರೂ ಇವಳ ದನಿ ನಾಲ್ಕು ಮನೆ ದಾಟುತ್ತದೆ ಎಂದು ಗಂಡ ಛೇಡಿಸಿದರೆ ಅವಳಿಗದು ಹೊಗಳಿಕೆಯಂತೆಯೇ ಕೇಳುತ್ತಿತ್ತು. ಹೊಟ್ಟೆಯಲ್ಲೊಂದು ಬಾಯಲ್ಲೊಂದು ಇಟ್ಟುಕೊಳ್ಳುವ ಜೀವವಲ್ಲ ಅದು. ಅನಿಸಿದ್ದನ್ನು ಅಂದು, ಅಲ್ಲಿಗೇ ಮರೆತು, ನೆಮ್ಮದಿಯಾಗಿ ನಿದ್ದೆ ಮಾಡುವ ಹೆಂಗಸು.

ಅಪ್ಪ ಕಟ್ಟಿಸಿದ ಮನೆ. ಕೆಳಗೆ ಅವಳೂ ಗಂಡನೂ, ಮಹಡಿಯ ಮೇಲೆ ಅಣ್ಣ. ಗಂಡ ಪತ್ರಿಕೆಯೊಂದರ ಅಚ್ಚಿನ ಮನೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವವನು. ಅಣ್ಣ ಮದುವೆಯಾಗಿರಲಿಲ್ಲ. ಪೇಟೆಯ ಕನ್ನಡಕದಂಗಡಿಗೆ ಗಾಜು ಉಜ್ಜಿಕೊಡುವ ಕಸುಬನ್ನು ಮಹಡಿಯ ಮೇಲೆಯೇ ಇಟ್ಟುಕೊಂಡಿದ್ದ. ಎರಡು ಹೊತ್ತಿನ ಊಟಕ್ಕೆ ಕೆಳಗೆ ಬರುತ್ತಿದ್ದ; ಮೇಲಿನ ಅಡುಗೆಮನೆಯಲ್ಲಿ ಕಾಫಿ ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಹಾಲಿಲ್ಲದ, ಸಕ್ಕರೆಯಿಲ್ಲದ ಕಾಫಿ. ಕೆಳಗಿನ ಇಬ್ಬರಿಗೂ ಕಾಫಿಯ ವಾಸನೆಯೇ ಆಗದು. ಸೋಪಿನ ನೀರಿಗೆ ತಂಗಿಯ ಬೆರಳು ಒಡೆದದ್ದು ನೋಡಲಾರದೆ, ಪಾತ್ರೆ ತೊಳೆಯುವ ಮಷೀನು ತಂದು ಕೂರಿಸಿದವನೂ ಅವನೇ. ಪಾತ್ರೆ ತೊಳೆಯಲು ನನಗೇನು ಕೈ ಬಿದ್ದುಹೋಗಿದೆಯೇ ಎಂದು ಅವಳು ಬೀದಿಗೆಲ್ಲ ಕೇಳಿಸುವಂತೆ ಬೈದಿದ್ದಳು. ಆಮೇಲೆ ಅದಿಲ್ಲದೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ.

ಚಳಿಗಾಲದ ಕೊನೆಯಲ್ಲಿ ಅಣ್ಣ ಗಾಜು ಉಜ್ಜುತ್ತ ಕೂತಲ್ಲಿಯೇ ಪ್ರಾಣ ಬಿಟ್ಟ. ಮಹಡಿಗೆ ಬೀಗ ಬಿತ್ತು, ಕೀಲಿ ಕೆಳಮನೆಯ ಮೊಳೆಗೆ ಬಂತು. ಮೇಲಕ್ಕೆ ಹೋಗುವ ಧೈರ್ಯ ಅವಳಿಗೆ ಬರಲಿಲ್ಲ. ನಾಳೆ ಹೋದರಾಯಿತು ಎನ್ನುತ್ತಲೇ ಬೇಸಿಗೆಯೂ ಕಳೆಯಿತು.

ಮಷೀನು ಕೈಕೊಟ್ಟಿದ್ದು ಆಗಲೇ. ತೊಳೆದು ಮುಗಿಸಿದ ಮೇಲೂ ನೀರು ಹೊರಗೆ ಹೋಗದೆ ತಳದಲ್ಲಿ ನಿಲ್ಲತೊಡಗಿತು. ಒಂದು ದಿನ ಬಾಗಿಲಿನ ಸಂದಿಯಿಂದ ಉಕ್ಕಿ ಅಡುಗೆಮನೆಯ ನೆಲವೆಲ್ಲ ಕೆರೆಯಾಯಿತು. ತಳದ ಜಾಲರಿ ತೆಗೆದು ತೊಳೆದಳು, ಬಿಸಿನೀರು ಸುರಿದಳು, ಬೈದೂ ನೋಡಿದಳು. ಒಂದು ಸಂಜೆ ಕೆಲಸದಿಂದ ಬಂದು ಮಷೀನಿನ ಬಾಗಿಲು ತೆರೆದಳು. ಬೆಳಿಗ್ಗೆ ಒರೆಸಿ ಒಣಗಿಸಿ ಹೋಗಿದ್ದ ಮಷೀನು. ಆ ದಿನ ಅದನ್ನು ಯಾರೂ ಮುಟ್ಟಿರಲಿಲ್ಲ. ತಳದಲ್ಲಿ ಬೊಗಸೆಯಷ್ಟು ಕಂದು ನೀರು, ಅದರಲ್ಲಿ ಕಾಫಿಯ ಚರಟ. ಬಗ್ಗಿ ಮೂಸಿದಳು. ಅಣ್ಣನ ಕೋಣೆಯ ವಾಸನೆ.

ಅವತ್ತು ಆ ನೀರನ್ನು ಚೆಲ್ಲಲು ಅವಳಿಗೆ ಕೈ ಬರಲಿಲ್ಲ. ಮಷೀನಿನ ಬಾಗಿಲು ಹಾಗೇ ಮುಚ್ಚಿ, ಅದರ ಎದುರು ನೆಲದ ಮೇಲೆ ಕೂತುಬಿಟ್ಟಳು.

ಮರುದಿನವೂ ಬಂತು. ಎರಡು ದಿನ ಬಿಟ್ಟು ಮತ್ತೆ ಬಂತು. ಗಂಡನಿಗೆ ಹೇಳಿದಾಗ ಅವನು ಮುಖ ತಿರುಗಿಸಿಕೊಂಡು, ಹಳೇ ಮನೆ, ಹಳೇ ಪೈಪು, ಏನೋ ಆಗಿರುತ್ತೆ ಬಿಡು ಎಂದ. ಅವಳೇ ಮೆಕ್ಯಾನಿಕ್ಕನ್ನು ಕರೆಸಿದಳು. ಅವನು ಪಂಪು ಬಿಚ್ಚಿ ನೋಡಿದ, ಸರಿಯಿತ್ತು. ನೀರು ಹೊರಹೋಗುವ ಕೊಳವೆಯನ್ನು ಎಳೆದು ನೋಡಿದ, ಅದೂ ಸರಿಯಿತ್ತು. ಹೋದ ನೀರು ವಾಪಸು ಬಾರದಂತೆ ತಡೆಯುವ ರಬ್ಬರು ಮಾತ್ರ ಸವೆದಿತ್ತು. ಕೊನೆಗೆ ಹೇಳಿದ: ತಪ್ಪು ಮಷೀನಿನದಲ್ಲ, ಗೋಡೆಯೊಳಗಿನ ಪೈಪು ಎಲ್ಲೋ ಕೆಳಗೆ ಕಟ್ಟಿಕೊಂಡಿದೆ. ಮೇಲಿನ ಸಿಂಕು, ಕೆಳಗಿನ ಸಿಂಕು ಎರಡರ ನೀರೂ ಇಳಿಯುವುದು ಅದೊಂದರಲ್ಲೇ. ದಾರಿ ಸಿಗದ ನೀರು ಎಲ್ಲಿ ತಗ್ಗಿದೆಯೋ ಅಲ್ಲಿಗೆ ನುಗ್ಗುತ್ತದೆ. ಈ ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಮಷೀನಿನ ತಳ.

"ಮೇಲಿನೋರಿಗೆ ಸ್ವಲ್ಪ ದಿನ ಸಿಂಕಿಗೆ ನೀರು ಬಿಡಬೇಡಿ ಅನ್ನಿ," ಎಂದ.

"ಮೇಲೆ ಯಾರೂ ಇಲ್ಲ. ಇದ್ದೋರು ತೀರ್ಕೊಂಡ್ರು."

ಮೆಕ್ಯಾನಿಕ್ಕು ತಳದಲ್ಲಿದ್ದ ಚರಟವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ಬಹಳ ಬೇಗ ಸಾಮಾನು ಕಟ್ಟಿಕೊಂಡು, ಇನ್ನುಳಿದದ್ದು ಪ್ಲಂಬರನ ಕೆಲಸ ಎಂದು ಹೊರಟುಬಿಟ್ಟ.

ಪ್ಲಂಬರನ್ನು ಕರೆತರುತ್ತೇನೆಂದ ಗಂಡ ಇವತ್ತು ನಾಳೆ ಎನ್ನುತ್ತ ದಿನ ದೂಡಿದ. ಅವಳೂ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಸಂಜೆ ಬಸ್ಸಿಳಿದು ಮನೆಗೆ ಬರುವಾಗ ಅವಳ ಕಾಲು ತಾನಾಗಿ ಚುರುಕಾಗುತ್ತಿತ್ತು. ಚಪ್ಪಲಿ ಬಿಟ್ಟವಳೇ ಮಷೀನಿನ ಬಾಗಿಲು ತೆಗೆಯುತ್ತಿದ್ದಳು. ನೀರಿದ್ದರೆ, ಅಣ್ಣ ಬಂದಿದ್ದ ಎಂದುಕೊಳ್ಳುವಳು. ಇಲ್ಲದಿದ್ದರೆ, ಇವತ್ತು ಏನಾಯಿತೋ ಎನ್ನುವಳು. ಇಷ್ಟನ್ನು ಯಾರ ಬಳಿಯೂ ಆಡಲಿಲ್ಲ. ಬದುಕಿನಲ್ಲಿ ಅವಳು ಹೊಟ್ಟೆಯೊಳಗೆ ಇಟ್ಟುಕೊಂಡ ಮೊದಲ ಮಾತು ಅದು.

ಅದೇ ಸಮಯಕ್ಕೆ ನಿಲ್ದಾಣದಲ್ಲಿ ಹೊಸ ಏರ್ಪಾಡು ಬಂದಿತ್ತು. ಅವಳ ದನಿಯಲ್ಲೇ ಊರುಗಳ ಹೆಸರು, ಬಸ್ಸಿನ ಸಂಖ್ಯೆ, ಹೊತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ರೆಕಾರ್ಡು ಮಾಡಿಕೊಂಡಿದ್ದರು. ಅವಳಿಲ್ಲದಾಗ ಕಂಪ್ಯೂಟರೇ ಅದನ್ನು ಬೇಕಾದ ಹಾಗೆ ಪೋಣಿಸಿ ಹೇಳುವುದೆಂದಾಗಿತ್ತು. ನನಗೆ ನಾನೇ ಸವತಿಯಾದೆ ಎಂದು ಅವಳು ನಗಾಡಿದ್ದಳು. ಗಾಳಿ ಬದಲಾಗಿ ಅವಳ ಗಂಟಲು ಕಟ್ಟಿದಾಗ ಆ ರೆಕಾರ್ಡು ಉಪಯೋಗಕ್ಕೆ ಬಂತು. ದನಿ ಪೂರಾ ಅಡಗಿಹೋಗಿದ್ದ ಅವಳನ್ನು ಮೇಲಧಿಕಾರಿಗಳು ರಜೆ ಕೊಟ್ಟು ಮನೆಗೆ ಕಳಿಸಿದರು.

ಮಧ್ಯಾಹ್ನ. ಗಂಡ ಒಳಕೋಣೆಯಲ್ಲಿ ಮಲಗಿದ್ದ. ಅವಳು ಕಷಾಯದ ಲೋಟ ಹಿಡಿದು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಮೇಲೆ ಹೆಜ್ಜೆ ಸಪ್ಪಳವಾಯಿತು. ಕುರ್ಚಿ ಎಳೆದ ಸದ್ದು. ಬಹಳ ಹೊತ್ತು ಮೌನ. ಆಮೇಲೆ ನಲ್ಲಿ ಬಿಟ್ಟ ಸದ್ದು ಗೋಡೆಯೊಳಗಿಂದ ಇಳಿದು ಬಂತು. ಅವಳ ಕಣ್ಣೆದುರೇ ಮಷೀನಿನ ಹೊಟ್ಟೆಯಲ್ಲಿ ಗುಳುಗುಳು ಎಂದಿತು.

ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡಳು. ಹೊರಗಿನ ಮೆಟ್ಟಿಲು ಹತ್ತಿದಳು. ಬೀಗ ತೆರೆದು ಚಿಲಕಕ್ಕೆ ನೇತುಬಿದ್ದಿತ್ತು. ಬಾಗಿಲು ತಳ್ಳಿದಳು.

ಸಿಂಕಿನ ಮುಂದೆ ಒಬ್ಬ ಹೆಂಗಸು ಲೋಟ ತೊಳೆಯುತ್ತಿದ್ದಳು. ನಡುವಯಸ್ಸು, ಕನ್ನಡಕದಂಗಡಿಯ ಬಿಳಿ ಕೋಟು. ತಿರುಗಿ ನೋಡಿದವಳ ಮುಖದಲ್ಲಿ ರಕ್ತವೇ ಇರಲಿಲ್ಲ. ದೆವ್ವ ಕಂಡದ್ದು ಮೈಕಕ್ಕನಿಗಲ್ಲ, ಅವಳಿಗೆ.

"ನೀವು ಡ್ಯೂಟಿಲಿದೀರಲ್ಲ," ಎಂದಳು ಆ ಹೆಂಗಸು. "ಈಗ ತಾನೇ ಬಸ್ ಸ್ಟ್ಯಾಂಡಲ್ಲಿ ನಿಮ್ಮ ದನಿ ಕೇಳಿಸ್ಕೊಂಡೇ ಬಂದೆ."

ಮೈಕಕ್ಕ ಬಾಯಿ ತೆರೆದಳು. ಬರೀ ಗಾಳಿ ಬಂತು. ಆ ಹೆಂಗಸು ಲೋಟ ಬೋರಲು ಹಾಕಿ, ತನ್ನ ಚೀಲದಿಂದ ಕೀಲಿಯೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟು, ತಲೆ ತಗ್ಗಿಸಿ ಅವಳ ಪಕ್ಕದಿಂದಲೇ ಇಳಿದು ಹೋದಳು.

ಅದೇ ವಾರ ಪ್ಲಂಬರು ಬಂದ. ಪೈಪು ಬಿಚ್ಚಿ ತಂತಿ ಹಾಕಿ ಎಳೆದಾಗ ಸಿಮೆಂಟಿನಂಥ ಬೂದಿಬಣ್ಣದ ಗಟ್ಟಿ ಮುದ್ದೆ ಈಚೆ ಬಂತು. ಗಾಜು ಉಜ್ಜಿ ಕೈ ತೊಳೆದ ಪುಡಿ, ಕಾಫಿಯ ಚರಟ, ವರ್ಷಾನುಗಟ್ಟಲೆ ಪದರ ಪದರವಾಗಿ ಕೂತದ್ದು. ಇದ್ಯಾವ ಕಲ್ಲಕ್ಕ ಎಂದ ಪ್ಲಂಬರು. ಅವಳು ಅದನ್ನು ಕಾಗದದಲ್ಲಿ ಸುತ್ತಿ ಒಳಗೆ ಒಯ್ದಳು. ಮಷೀನು ಸರಿಹೋಯಿತು. ತೊಳೆದ ನೀರು ಗಟಗಟನೆ ಇಳಿದು ತಳ ಒಣಗಿ ನಿಲ್ಲುತ್ತಿತ್ತು. ಆ ಒಣ ತಳ ನೋಡಿದಾಗಲೆಲ್ಲ ಅವಳಿಗೆ ಎದೆ ಬರಿದಾದಂತೆ ಆಗುತ್ತಿತ್ತು.

ದನಿ ಮರಳಿದ ಮೇಲೆ ಆ ಹೆಂಗಸು ಬಿಟ್ಟುಹೋದ ಕೀಲಿ ತೆಗೆದುಕೊಂಡು ಕನ್ನಡಕದಂಗಡಿಗೆ ಹೋದಳು. ಗಿರಾಕಿಗಳು ಯಾರೂ ಇರಲಿಲ್ಲ. ಆ ಹೆಂಗಸು ಕುರ್ಚಿ ತೋರಿಸಿದಳು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಮೊದಮೊದಲು ಗಾಜಿನ ಅಳತೆ ಕೊಟ್ಟು ಹೋಗಲು ಬರುತ್ತಿದ್ದದ್ದು. ಹಾಸಿಗೆ ಹಿಡಿದ ತಾಯಿ ಮನೆಯಲ್ಲಿ, ಇಲ್ಲಿ ಹೊತ್ತು ಮುಳುಗುವ ತನಕ ಕೆಲಸ. ನಡುವೆ ಕೂತು ಉಸಿರಾಡಲು ಸಿಕ್ಕ ಜಾಗ ಆ ಮಹಡಿ. ಕೀಲಿ ಅವನೇ ಕೊಟ್ಟದ್ದು. ಬಸ್ ನಿಲ್ದಾಣದಲ್ಲಿ ಮೈಕಕ್ಕನ ದನಿ ಕೇಳಿದರೆ ಹೋಗುತ್ತಿದ್ದಳು, ಕೇಳದಿದ್ದರೆ ಹೋಗುತ್ತಿರಲಿಲ್ಲ. ಅವನು ಹೋದ ಮೇಲೂ ಕಾಲು ಅದೇ ದಾರಿ ಹಿಡಿಯಿತು.

"ಅಣ್ಣ ನನಗೆ ಯಾಕೆ ಹೇಳ್ಲಿಲ್ಲ?"

ಆ ಹೆಂಗಸು ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದಳು. "ಒಂದ್ಸಲ ಹೇಳೇಬಿಡ್ತೀನಿ ಅಂತ ಕೆಳಗೆ ಇಳಿದ್ರು. ನಾನು ಮೇಲೆ ನಿಂತಿದ್ದೆ. ನೀವು ಬಾಗಿಲಲ್ಲಿ ಯಾರ ಜೊತೆಗೋ ಮಾತಾಡ್ತಿದ್ರಿ. ನಮ್ಮಣ್ಣಂಗೆ ಯಾಕ್ರೀ ಮದುವೆ ಗಿದುವೆ, ಅವನ ಊಟ ತಿಂಡಿಗೆ ನಾನಿಲ್ವಾ, ಯಾವಳೋ ಬಂದು ಅವನನ್ನ ನಮ್ಮಿಂದ ಕಿತ್ಕೊಂಡು ಹೋಗೋದು ಬೇಡ ಅಂದ್ರಿ. ಅರ್ಧ ಮೆಟ್ಟಿಲು ಇಳಿದೋರು ವಾಪಸ್ ಹತ್ತಿ ಬಂದ್ರು."

"ಬೇಜಾರು ಮಾಡ್ಕೊಂಡ್ನಾ?"

"ಇಲ್ಲ. ಪಾಪ, ಅವಳಿಗೆ ನೋವಾಗುತ್ತೆ ಅಂದ್ರು. ಆಮೇಲೆ ಆ ಮಾತೇ ಎತ್ತಲಿಲ್ಲ."

ಹಾಗೆ ಅಂದದ್ದು ಮೈಕಕ್ಕನಿಗೆ ನೆನಪಿರಲಿಲ್ಲ. ಯಾರಿಗೆ ಅಂದಿದ್ದಳೋ, ಎಷ್ಟು ಜನರಿಗೆ ಅಂದಿದ್ದಳೋ. ಅಕ್ಕರೆಯಿಂದ ಆಡಿದ ಮಾತೇ ಇರಬೇಕು. ಕೀಲಿಯನ್ನು ಮುಂದೆ ಚಾಚಿ, ಮೊದಲಿನ ಹಾಗೇ ಬನ್ನಿ, ನಾನು ಮೇಲಕ್ಕೆ ಬರುವುದಿಲ್ಲ ಎಂದು ಬೇಡಿಕೊಂಡಳು.

"ಯಾರಿಗೂ ಗೊತ್ತಿಲ್ಲದಾಗ ಅದು ನಮ್ಮನೆ ಥರ ಇತ್ತು," ಎಂದಳು ಆ ಹೆಂಗಸು. "ಈಗ ಬಂದ್ರೆ ನೆಂಟರ ಥರ ಆಗ್ಬಿಡ್ತೀನಿ."

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನಿಗೆ ಆಶ್ಚರ್ಯವಾಗಲಿಲ್ಲ. ಹಗಲು ಮಲಗುವವನಿಗೆ ಮಹಡಿಯ ಹೆಜ್ಜೆ ಒಬ್ಬರದೋ ಇಬ್ಬರದೋ ತಿಳಿಯದೇ ಇರುತ್ತದೆಯೇ?

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಭಾವ ಬೇಡ ಅಂದಿದ್ರು," ಎಂದ. "ಅವರು ಹೋದ್ಮೇಲೂ ಹೆಜ್ಜೆ ಕೇಳಿಸ್ತು. ಬಂದು ಹೋಗ್ಲಿ ಪಾಪ ಅಂತ ಸುಮ್ಮನಿದ್ದೆ."

ತಲೆಯ ಮೇಲಿನ ಸೂರಿನಲ್ಲೇ ಇನ್ನೊಂದು ಸಂಸಾರ ನಡೆದಿತ್ತು. ಎಲ್ಲರಿಗೂ ಎಲ್ಲವನ್ನೂ ಕೇಳಿಸುತ್ತಿದ್ದ ಅವಳೊಬ್ಬಳಿಗೆ ಮಾತ್ರ ಅದು ಕೇಳಿಸಿರಲಿಲ್ಲ.

ಮುಂದಿನ ವರ್ಷ ಮಹಡಿಯನ್ನು ಮಕ್ಕಳೊಂದಿಗರಿಗೆ ಬಾಡಿಗೆಗೆ ಕೊಟ್ಟರು. ಅವಳು ಕೆಲಸ ಬಿಡಲಿಲ್ಲ. ಮನೆಯಲ್ಲಿ ಮಾತ್ರ ದನಿ ತಗ್ಗಿತು. ಗಂಟಲು ಪೂರ್ತಿ ವಾಸಿಯಾಗಿಲ್ಲವೆಂದು ಬೀದಿಯವರು ತಿಳಿದರು. ಬಾಗಿಲಲ್ಲಿ ನಿಂತು ಯಾರ ಜೊತೆಗಾದರೂ ಮಾತಾಡುವಾಗ ಈಗಲೂ ನಡುವೆ ತಟ್ಟನೆ ನಿಲ್ಲಿಸುತ್ತಾಳೆ. ಬಗ್ಗಿ ಮೆಟ್ಟಿಲ ಕಡೆ ನೋಡುತ್ತಾಳೆ. ಅರ್ಧ ಇಳಿದು ಯಾರೂ ನಿಂತಿಲ್ಲವೆಂದು ಗೊತ್ತಾದ ಮೇಲೂ ಕೆಲವು ಸಲ ಮಾತು ಮುಂದುವರಿಯುವುದಿಲ್ಲ.