ರಮಾನಾಥರು ನೋಡಿಬಂದ ಅಡುಗೆಮನೆ

ಘಾಟ್ಕೋಪರ್ ಸ್ಟೇಷನ್ನಿಗೆ ಹತ್ತಿರದ ಆ ಸೊಸೈಟಿಯಲ್ಲಿ ನಮ್ಮ ಕಡೆಯವರದ್ದು ಒಂದೇ ಮನೆ, ಕಟಪಾಡಿಯ ರಮಾನಾಥರದ್ದು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದವರು, ಅಲ್ಲೇ ಮುಖ್ಯ ಅಡುಗೆಯವರಾಗಿ ನಿವೃತ್ತರಾದವರು. ಉಳಿದವರಲ್ಲಿ ಹೆಚ್ಚಿನವರು ಗುಜರಾತಿಗಳು, ಈರುಳ್ಳಿಯನ್ನೂ ಮುಟ್ಟದವರು ಕೆಲವರು. ರಮಾನಾಥರ ಹೆಂಡತಿ ಪ್ರಫುಲ್ಲಾ ಮೀನು ಹುರಿಯುವ ದಿನ ಕಿಟಕಿ ಮುಚ್ಚಿಯೇ ಹುರಿಯುವುದು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಬ್ಬದ ಊಟಕ್ಕೆ ಕೇಟರರ್ ಗೊತ್ತುಮಾಡುವಾಗ ಮಾತ್ರ "ಮೊದಲು ರಮಾನಾಥ್‌ಭಾಯ್ ನೋಡಲಿ" ಎನ್ನುತ್ತಿದ್ದರು. ಅವರು ತುಪ್ಪ ಮೂಸಿ ಬೇಡವೆಂದರೆ ಆ ಕೇಟರರ್ ಮತ್ತೆ ಗೇಟಿನೊಳಗೆ ಕಾಲಿಡುವಂತಿರಲಿಲ್ಲ.

ಬಿಲ್ಡಿಂಗಿನ ಕೆಳಗಿದ್ದ ಸೀರೆ ಅಂಗಡಿ ಮುಚ್ಚಿತು. ಅಲ್ಲಿಗೆ ಬರ್ಗರ್ ಕಂಪನಿಯೊಂದು ಬರುತ್ತದೆಂದು ತಿಳಿದದ್ದೇ ಸೊಸೈಟಿಯ ವಾಟ್ಸಾಪಿಗೆ ನಿದ್ದೆಯಿಲ್ಲದಾಯಿತು. ಚಿಕನ್ ಕರಿದ ಎಣ್ಣೆಯಲ್ಲೇ ಆಲೂ ಟಿಕ್ಕಿ ಕರಿಯುತ್ತಾರಂತೆ. ಪಾವ್ ಬ್ರೆಡ್ಡಿಗೆ ಮೊಟ್ಟೆ ಹಾಕುತ್ತಾರಂತೆ. ಗೋರೆಗಾಂವಿನಲ್ಲಿ ಒಂದು ಮಗುವಿಗೆ ಏನೋ ಆಯಿತಂತೆ. ಏನಾಯಿತು, ಯಾರ ಮಗು, ಯಾರಿಗೂ ಗೊತ್ತಿರಲಿಲ್ಲ. ಅಂಗಡಿ ತೆರೆದ ವಾರವೇ ಸೆಕ್ರೆಟರಿ ಹಸ್ಮುಖ್‌ಭಾಯ್ ಮೀಟಿಂಗ್ ಕರೆದು, ಒಳಗೆ ಹೋಗಿ ನೋಡಿಬರಲು ರಮಾನಾಥರನ್ನೇ ಒಪ್ಪಿಸಿದರು.

ರಮಾನಾಥರಿಗೂ ಆ ಅಂಗಡಿಯ ಮೇಲೆ ಅನುಮಾನವಿತ್ತು. ಒಗ್ಗರಣೆಯ ವಾಸನೆಯೇ ಬಾರದ ಅಡುಗೆಮನೆ ಎಂಥದ್ದು? ಹೋಗಿ ನೋಡಿದರೆ ಮ್ಯಾನೇಜರ್ ಒಬ್ಬಳು ಹುಡುಗಿ. ಹೆಸರು ಯಕ್ಷಿತಾ. ಇವರ ಹೆಸರು, ಹೋಟೆಲು ಕೇಳಿದವಳೇ ಮುಖವರಳಿಸಿ, "ಈರ್ ತುಳುವೆರಾ?" ಎಂದಳು, ನೀವು ತುಳುವರಾ ಎಂದು. ಡೊಂಬಿವಲಿಯಲ್ಲಿ ಹುಟ್ಟಿದವಳು, ಅಪ್ಪ ಮೂಡುಬಿದಿರೆ ಕಡೆಯವರು. ಹರಕು ತುಳುವಿನಲ್ಲಿ ಹಿಂದಿ ಸೇರಿಸಿ ಎಲ್ಲ ತೋರಿಸಿದಳು. ಸಸ್ಯಾಹಾರಕ್ಕೆ ಬೇರೆ ಎಣ್ಣೆ, ಬೇರೆ ಕಡಾಯಿ, ಹಸಿರು ಏಪ್ರನ್ ತೊಟ್ಟ ಬೇರೆ ಹುಡುಗರು. ರಮಾನಾಥರು ಮೂಲೆ ಮೂಲೆ ಬಗ್ಗಿ ನೋಡಿದರು, ಎಣ್ಣೆಯನ್ನೂ ಮೂಸಿದರು. ತಪ್ಪು ಕಾಣಲಿಲ್ಲ.

ಮೀಟಿಂಗಿನಲ್ಲಿ ಅದನ್ನೇ ಹೇಳಿದರು. ಯಾರಿಗೂ ಸಮಾಧಾನವಾಗಲಿಲ್ಲ. ಅಂಗಡಿಯ ಮೇಲೆ ಮುನ್ಸಿಪಾಲಿಟಿಗೆ ದೂರು ಕೊಡುವುದೆಂದು ಅವರೆಲ್ಲ ಮೊದಲೇ ತೀರ್ಮಾನಿಸಿದ್ದರು.

ಹಸ್ಮುಖ್‌ಭಾಯ್ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು, "ಆ ಹುಡುಗಿ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಿದಿರಿ, ರಮಾನಾಥ್‌ಭಾಯ್?"

"ತುಳು. ನಮ್ಮ ಕಡೆಯವಳೇ."

"ಹಾಂ," ಎಂದರು ಹಸ್ಮುಖ್‌ಭಾಯ್. ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ, "ಮೀನು ತಿನ್ನುವವರಿಗೆ ಎಲ್ಲಾ ಎಣ್ಣೆಯೂ ಒಂದೇ" ಎಂದದ್ದು ಕೇಳಿಸಿತು.

ಮಾರನೆಯ ದಿನದಿಂದ ಲಿಫ್ಟಿನಲ್ಲಿ ಮಾತು ನಿಂತಿತು. ರಮಾನಾಥರ ಸೋದರಳಿಯನಿಗೆ ಆ ಕಂಪನಿಯಲ್ಲಿ ಕೆಲಸವಾಗಿದೆಯೆಂದು ಸುದ್ದಿ ಹಬ್ಬಿತು. ಅವರಿಗೆ ಸೋದರಳಿಯನೇ ಇರಲಿಲ್ಲ. ಇಷ್ಟನ್ನೆಲ್ಲ ಅವರು ನುಂಗಿಕೊಂಡರು. ನುಂಗಲಾಗದ್ದು ಪ್ರಫುಲ್ಲಾ ಕೇಳಿದ ಮಾತು.

"ನಿಜ ಹೇಳಿ ಮಾರಾಯ್ರೆ, ಆ ಹುಡುಗಿ ನಿಮಗೆ ಏನಾದ್ರೂ ಕೊಟ್ಟಿದ್ದಾಳಾ?"

"ನಿನಗೂ ಹಾಗೆ ಕಾಣ್ತದಾ?"

"ಕಾಣುದಲ್ಲ. ಎಲ್ಲರೂ ಹೇಳ್ತಾರೆ, ಅದಕ್ಕೆ ಕೇಳಿದೆ."

ಅವತ್ತು ಅವರಿಗೆ ಊಟ ಸೇರಲಿಲ್ಲ. ಯೋಚಿಸುತ್ತ ಹೋದಂತೆ ಅನುಮಾನ ಅವರೊಳಗೂ ಇಳಿಯಿತು. ಅಷ್ಟು ಬೇಗ ಆ ಹುಡುಗಿ ತುಳುವಿಗೆ ಹೊರಳಿದ್ದೇಕೆ? ತನ್ನನ್ನು ಒಲಿಸಿಕೊಳ್ಳಲೆಂದೇ? ಹೇಳಿ ಹೋದವರಿಗೆ ಯಾರಾದರೂ ಕೊಳಕು ತೋರಿಸುತ್ತಾರೆಯೇ?

ಇನ್ನು ಹೇಳದೆ ಹೋಗಿ ನೋಡುವುದೆಂದು ಹೊರಟರು. ಒಮ್ಮೆ ಮಧ್ಯಾಹ್ನ, ಇನ್ನೊಮ್ಮೆ ಸಂಜೆ. ಒಂದು ಚಹಾ ತೆಗೆದುಕೊಂಡು ಮೂಲೆಯ ಮೇಜಿನಲ್ಲಿ ಕೂರುವುದು, ಅಲ್ಲಿಂದ ಗಾಜಿನಾಚೆ ಕಡಾಯಿಗಳು ಕಾಣುತ್ತಿದ್ದವು. ಅವರು ಕೂತ ಫೋಟೋವನ್ನು ಯಾರೋ ತೆಗೆದು ವಾಟ್ಸಾಪಿಗೆ ಹಾಕಿದರು. ಕೆಳಗೆ ನಗುವ ಮುಖಗಳ ಸಾಲು. ರಮಾನಾಥರು ಹೋಗುವುದನ್ನು ಬಿಡಲಿಲ್ಲ.

ಒಂದು ಭಾನುವಾರ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸಬಳೊಬ್ಬಳು ಗಡಿಬಿಡಿಯಲ್ಲಿ ಚಿಕನ್ ಜಾಲರಿಯನ್ನು ಆಲೂ ಟಿಕ್ಕಿಯ ಎಣ್ಣೆಗೆ ಇಳಿಸಿಬಿಟ್ಟಳು. ರಮಾನಾಥರು ಕಪ್ಪು ಕೆಳಗಿಟ್ಟರು. ಸಿಕ್ಕಿತು, ಎಂದುಕೊಂಡರು. ಅಷ್ಟರಲ್ಲಿ ಯಕ್ಷಿತಾ ಓಡಿಬಂದು ಒಲೆ ಆರಿಸಿದಳು. ಟಿಕ್ಕಿಗಳನ್ನೆಲ್ಲ ಕಸಕ್ಕೆ ಹಾಕಿಸಿದಳು, ಎಣ್ಣೆ ಬಸಿಯಲು ಹೇಳಿದಳು. ಸಸ್ಯಾಹಾರ ಸದ್ಯ ಸಿಗುವುದಿಲ್ಲವೆಂದಾಗ ಕ್ಯೂನಲ್ಲಿದ್ದವರು ಬಾಯಿಗೆ ಬಂದಂತೆ ಬೈದರು. ಅವಳು ತಲೆ ತಗ್ಗಿಸಿ ಕ್ಷಮೆ ಕೇಳುತ್ತಲೇ ಇದ್ದಳು, ಎಣ್ಣೆಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ.

ಮನೆಗೆ ಬಂದು ಪ್ರಫುಲ್ಲಾಗೆ ಹೇಳುವಾಗ ರಮಾನಾಥರ ದನಿಯಲ್ಲಿ ಹುರುಪಿತ್ತು. "ನನ್ನ ಕಣ್ಣಾರೆ ನೋಡಿದೆ. ಎಲ್ಲಾ ಚೆಲ್ಲಿಸಿಬಿಟ್ಟಳು."

"ಮೀಟಿಂಗಿನಲ್ಲಿ ಹೇಳಿ ಹಾಗಾದ್ರೆ."

"ಯಾರಿಗೆ ಹೇಳುದು? ನಂಬುವವರು ಬೇಕಲ್ಲ."

ದೂರಿನ ಮಾತು ಹಾಗೇ ತಣ್ಣಗಾಯಿತು. ಬರ್ಗರ್ ಬೇಕೆಂದು ಮಕ್ಕಳು ಹಟ ಹಿಡಿದವು, ಒಂದು ಮನೆಯವರು ಹುಟ್ಟುಹಬ್ಬವನ್ನೇ ಅಲ್ಲಿ ಮಾಡಿದರು. ರಮಾನಾಥರ ಹತ್ತಿರ ಯಾರೂ ತಪ್ಪಾಯಿತೆನ್ನಲಿಲ್ಲ. ಆ ವರ್ಷದ ನವರಾತ್ರಿಗೆ ಕೇಟರರ್‌ನನ್ನು ಹಸ್ಮುಖ್‌ಭಾಯ್ ತಾವೇ ಗೊತ್ತುಮಾಡಿದರು.

ಮಳೆ ನಿಂತ ಮೇಲೆ ಯಕ್ಷಿತಾಗೆ ಜೋಗೇಶ್ವರಿಗೆ ವರ್ಗವಾಯಿತು. ಹೋಗುವ ಮುಂಚೆ ಅವಳು ಮೂಲೆಯ ಮೇಜಿನ ಹತ್ತಿರ ಬಂದು ನಿಂತಳು. ರಮಾನಾಥರಿಗೆ ಮುಚ್ಚಿಡಲು ಮನಸ್ಸಾಗಲಿಲ್ಲ.

"ಮಗಾ, ನಾನು ಇಲ್ಲಿ ಚಹಾಕ್ಕೆ ಬರ್ತಾ ಇದ್ದದ್ದಲ್ಲ. ನಿಮ್ಮನ್ನು ಪರೀಕ್ಷೆ ಮಾಡ್ಲಿಕ್ಕೆ."

ಅವಳು ನಕ್ಕಳು. "ಮಾಲೂಮ್ ಇತ್ತು ಅಂಕಲ್. ನೀವು ಡೋರ್ ಓಪನ್ ಮಾಡಿದ್ರೆ ಸಾಕು, ನಾನು ಒಳಗೆ ಹೇಳ್ತಿದ್ದೆ, ಸೊಸೈಟಿ ಅಂಕಲ್ ಬಂದ್ರು, ಸಂಭಾಳ್ಕೇ, ಹುಷಾರ್ ಅಂತ."

ರಮಾನಾಥರ ಮುಖ ಸಪ್ಪಗಾಯಿತು. ಹಾಗಾದರೆ ಆ ಭಾನುವಾರ ಚೆಲ್ಲಿದ ಎಣ್ಣೆ? ತಾನು ಕೂತಿದ್ದೆನೆಂದೇ ಚೆಲ್ಲಿಸಿದಳೇ? ಹೋಟೆಲಿನಲ್ಲಿ ಧಣಿಗಳ ಕಾರು ನಿಂತ ಸದ್ದಾದರೆ ತಾವೂ ಹುಡುಗರಿಗೆ ಹೀಗೇ ಕಣ್ಸನ್ನೆ ಮಾಡುತ್ತಿದ್ದುದು ನೆನಪಾಯಿತು.

"ನಾನು ಇಲ್ಲದಾಗ?" ಎಂದು ಕೇಳಿದರು.

"ಇಲ್ಲದಾಗ ಭೀ ಸೇಮ್, ಅಂಕಲ್." ಮತ್ತೆ ಅವಳೇ ಅಂದಳು, "ಆದ್ರೆ ನಾನು ಹೇಳಿದ್ರೆ ನೀವು ನಂಬ್ತೀರಾ?"

ರಮಾನಾಥರು ಗಾಜಿನಾಚೆ ನೋಡಿದರು. ಅಲ್ಲಿ ಕುದಿಯುವ ಎಣ್ಣೆ ಏನನ್ನೂ ಹೇಳುತ್ತಿರಲಿಲ್ಲ. ಮೀಟಿಂಗಿನಲ್ಲಿ ಹಸ್ಮುಖ್‌ಭಾಯ್ 'ಹಾಂ' ಎಂದಾಗ ತಮಗಾದದ್ದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ.

"ನಂಬ್ತೇನೆ," ಎಂದರು. "ಜೋಗೇಶ್ವರಿಯಲ್ಲೂ ಹೀಗೇ ಮಾಡು."

ಮನೆಯಲ್ಲಿ ಪ್ರಫುಲ್ಲಾ ಬಸಳೆ ಸೋಸುತ್ತಿದ್ದಳು. ರಮಾನಾಥರು ಒಂದೂ ಬಿಡದೆ ಎಲ್ಲವನ್ನೂ ಹೇಳಿದರು.

"ಚಾಲಾಕಿನ ಹುಡುಗಿ," ಎಂದಳು ಪ್ರಫುಲ್ಲಾ, ತಲೆ ಎತ್ತದೆ.

"ಇರಬಹುದು," ಎಂದು ರಮಾನಾಥರು ಅವಳ ಪಕ್ಕ ಕೂತು, ಬಸಳೆಯ ಇನ್ನೊಂದು ದಂಟು ಎತ್ತಿಕೊಂಡು ಎಲೆ ಬಿಡಿಸತೊಡಗಿದರು.