ಗಿರಿಜಕ್ಕ ಮತ್ತು ಆರನೆಯ ಕ್ವೆರಿ

ಗಿರಿಜಕ್ಕ ಸಿಟ್ಟಿನಲ್ಲಿ ಕೀಬೋರ್ಡು ಒಡೆದದ್ದನ್ನು ನಾನು ಎರಡು ಸಲ ಕಂಡಿದ್ದೇನೆ. ಒಮ್ಮೆ ಮೇಜಿಗೆ ಬಡಿದು, ಇನ್ನೊಮ್ಮೆ ಮ್ಯಾನೇಜರರ ಬಾಗಿಲಿಗೆ ಎಸೆದು. ವಿಜಾಪುರದವರು, ಗಂಡನ ಬ್ಯಾಂಕ್ ವರ್ಗಾವಣೆಯ ಬೆನ್ನಿಗೆ ನಾಸಿಕಕ್ಕೆ ಬಂದು, ಖಾಸಗಿ ಆಸ್ಪತ್ರೆಯೊಂದರ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ನಾನು ಅವರ ಕೈಕೆಳಗಿನ ಪ್ರೋಗ್ರಾಮರ್. ಬೈದ ಮರುಗಳಿಗೆಯೇ ಡಬ್ಬಿಯ ರೊಟ್ಟಿ ಮುರಿದು ಅರ್ಧ ನನ್ನತ್ತ ದೂಡುತ್ತಿದ್ದರು.

ಎರಡನೆಯ ಕೀಬೋರ್ಡು ಒಡೆದದ್ದು ರಕ್ತನಿಧಿಯ ಪ್ರೊಸೀಜರಿನ ಸಲುವಾಗಿ. ರೋಗಿಗೆ ಹೊಂದುವ ರಕ್ತದ ಚೀಲ ಹುಡುಕಲು ಗುಂಡಿ ಒತ್ತಿದರೆ, ಡೇಟಾಬೇಸಿನೊಳಗೆ ಆ ಪ್ರೊಸೀಜರಿನ ಹನ್ನೊಂದು ಕ್ವೆರಿಗಳು, ಅಂದರೆ ದಾಖಲೆ ಹುಡುಕುವ ಆಜ್ಞೆಗಳು, ಒಂದರ ಹಿಂದೊಂದು ಓಡುತ್ತಿದ್ದವು. ತಡವಾದಾಗ ಇಡೀ ಪ್ರೊಸೀಜರಿನ ಹೆಸರಷ್ಟೇ ನಿಧಾನಗತಿಯ ಕೆಲಸಗಳ ಪಟ್ಟಿಗೆ ಬರುತ್ತಿತ್ತು. ತಡಮಾಡಿದ ಕ್ವೆರಿ ಯಾವುದೆಂದು ತಿಳಿಯುತ್ತಿರಲಿಲ್ಲ.

"ಎಲ್ಲಿ ನೋವು ಅಂತ ಕೇಳದೇ ಔಷಧ ಕೊಡ್ತಾರೇನ್ರಿ? ಒಂದೊಂದು ಕ್ವೆರಿಗೂ ಟೈಮ್ ಬರದಿಡೂಣು" ಎಂದರು ಗಿರಿಜಕ್ಕ.

"ನಕೋ ಮ್ಯಾಡಮ್, ಚಾಲೂ ಆಹೇ ನಾ!" ಎಂದು ಮ್ಯಾನೇಜರ್ ತಳ್ಳಿಹಾಕಿದರು. ನಡೆಯುತ್ತಿದೆಯಲ್ಲ ಎಂದು ನಾನೂ ತಲೆಯಾಡಿಸಿದೆ. ಆರನೆಯ ಕ್ವೆರಿ ಬರೆದವನು ನಾನು. ಅದರ ಮೇಲೆ ನನಗೇ ಅನುಮಾನವಿತ್ತು.

ಒಂದು ಬೆಳಿಗ್ಗೆ ಮಾಲೇಗಾಂವ್ ರಸ್ತೆಯಲ್ಲಿ ಬಸ್ಸು ಮಗುಚಿತು. ಗಾಯಾಳುಗಳ ಕಡೆಯವರು ರಕ್ತನಿಧಿಯ ಕೌಂಟರಿಗೆ ಮುಗಿಬಿದ್ದರು. ಗುಮಾಸ್ತ ಸಾಳುಂಕೆ ಗುಂಡಿ ಒತ್ತಿದ, ಪರದೆ ಕದಲಲಿಲ್ಲ. ರಕ್ತ ಬಚ್ಚಿಟ್ಟಿದ್ದಾನೆ ಎಂದು ಯಾರೋ ಕೂಗಿದರು. ಗಾಜು ಪುಡಿಯಾಯಿತು. ಅವನನ್ನು ಆ ಚೂರುಗಳ ಮೇಲೆಯೇ ಹೊರಗೆಳೆದು, ಸಲೈನ್ ತೂಗುಹಾಕುವ ಕಬ್ಬಿಣದ ಕಂಬದಿಂದ ಮುಖಕ್ಕೆ ಬಡಿದರು. ಪರದೆ ನೋಡಲು ಕೆಳಗಿಳಿದು ಬಂದಿದ್ದ ನಾನು ರಕ್ತದ ಫ್ರಿಜ್ಜಿನ ಹಿಂದೆ ಅವಿತೆ.

ಮಹಡಿಯಿಂದ ಓಡಿಬಂದ ಗಿರಿಜಕ್ಕ ಅವನ ಮೇಲೆ ಅಡ್ಡಬಿದ್ದರು. ಸ್ಟೂಲಿನ ಏಟಿಗೆ ಅವರ ಬಲಗೈ ಮುರಿಯಿತು. ಬಿದ್ದಲ್ಲಿಂದಲೇ ಟೆಕ್ನಿಶಿಯನ್ನರತ್ತ ಅರಚಿದರು: "ಕಂಪ್ಯೂಟರ್ ಸುಡ್ರಿ! ಫ್ರಿಜ್ ತಗೀರಿ, ಚೀಲದ ಮ್ಯಾಲಿನ ಚೀಟಿ ಓದ್ರಿ!"

ಹಾಗೆ ಗಾಯಾಳುಗಳಿಗೆ ರಕ್ತವೇನೋ ತಲುಪಿತು. ಸಾಳುಂಕೆಯ ಬಲಗಣ್ಣು ಉಳಿಯಲಿಲ್ಲ.

ಮೂರನೆಯ ದಿನ ಪ್ಲಾಸ್ಟರಿನ ಕೈಯಲ್ಲೇ ಬಂದ ಗಿರಿಜಕ್ಕ ಯಾರನ್ನೂ ಕೇಳಲಿಲ್ಲ. ಎಡಗೈಯಿಂದ ಒಂದೊಂದೇ ಅಕ್ಷರ ಕುಟ್ಟಿ ಪ್ರತಿ ಕ್ವೆರಿಯ ಹಿಂದೆ ಮುಂದೆ ಸಮಯ ಬರೆಸಿದರು. ಹತ್ತು ಕ್ವೆರಿಗಳು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿದವು. ಆರನೆಯದಕ್ಕೆ ಮೂವತ್ತೆಂಟು ಸೆಕೆಂಡು. ಪ್ರತಿ ಚೀಲಕ್ಕೂ ಅದು ಎಲ್ಲ ದಾನಿಗಳ ದಾಖಲೆಯನ್ನು ಮೊದಲಿಂದ ಓದುತ್ತಿತ್ತು. ಪುಸ್ತಕದ ಕೊನೆಯ ಪದಸೂಚಿಯಂಥ ಒಂದು ಇಂಡೆಕ್ಸ್ ಸೇರಿಸಿದ್ದೇ ತಡ, ಇಡೀ ಪ್ರೊಸೀಜರ್ ಒಂದು ಸೆಕೆಂಡಿನೊಳಗೆ ಮುಗಿಯಿತು.

"ಅಕ್ಕಾರ, ಅದು ನಾ ಬರದದ್ದು. ತಡಾ ಆಗ್ತಿರಬೇಕಂತ ಮೊದಲೇ ಅನಿಸಿತ್ತು" ಎಂದೆ.

ಎಡಗೈಯಿಂದ ಬಿಟ್ಟ ಏಟಿಗೆ ನನ್ನ ತುಟಿ ಒಡೆಯಿತು. "ನನ್ನ ಮುಂದ ಹೇಳಿ ಏನ್ ಮಾಡ್ತಿ? ಅವನ ಮುಂದ ಹೇಳು, ನಡಿ."

ಸಾಳುಂಕೆ ತನ್ನ ಊರು ಸಿಲ್ಲೋಡಿಗೆ ಮರಳಿದ್ದ. ಬಸ್ಸು ಹಿಡಿದು ಇಬ್ಬರೂ ಹೋದೆವು. ನಾನು ಹೇಳಿ ಮುಗಿಸುವ ಮೊದಲೇ ಅವನು ನನ್ನ ಕುತ್ತಿಗೆಗೆ ಕೈಹಾಕಿ ಗೋಡೆಗೆ ಒತ್ತಿದ. ಉಸಿರು ಕಟ್ಟಿತು. ಗಿರಿಜಕ್ಕ ಬಿಡಿಸಲು ಬರಲಿಲ್ಲ. ಅಂಗಳದತ್ತ ಮುಖ ಮಾಡಿ ನಿಂತರು. ಕೊನೆಗೆ ಅವನೇ ಕೈ ಸಡಿಲಿಸಿ ಹೊಸ್ತಿಲ ಮೇಲೆ ಕುಸಿದು ಅತ್ತ.

ಮರುವರ್ಷ ಗಂಡನಿಗೆ ಮತ್ತೆ ವರ್ಗವಾಗಿ ಗಿರಿಜಕ್ಕ ನಾಸಿಕ ಬಿಟ್ಟರು. ಆಮೇಲೆ ನಾವು ಭೇಟಿಯಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ನನಗೆ ತಿಳಿಸಿದವನು ಸಾಳುಂಕೆ. ಅಷ್ಟೂ ವರ್ಷ ಪ್ರತಿ ದೀಪಾವಳಿಗೆ ಗಿರಿಜಕ್ಕ ಅವನ ಮನೆಗೆ ಹೋಗಿ ಊಟ ಮಾಡಿ ಬರುತ್ತಿದ್ದರಂತೆ. ನಾನು ಸಿಲ್ಲೋಡಿಗೆ ಮತ್ತೊಮ್ಮೆ ಹೋದದ್ದಿಲ್ಲ.